ಮೂರನೆಯ ಪ್ಲಗ್

ಮಹಬೂಬ, ಆ ಶುಕ್ರವಾರ ಬಟ್ಟೆ ಖಾಲಿ ಇರಲಿಲ್ಲ. ನೀನು ನಮಾಜಿಗೆ ಹೋಗುವಾಗ ಕಾರಿನ ಮಡ್‌ಗಾರ್ಡಿನ ಮೇಲೆ ಹಾಸಿಟ್ಟಿದ್ದ ಹಳದಿ ಬಟ್ಟೆಯಲ್ಲಿ ಒಂದು ಸ್ಪಾರ್ಕ್ ಪ್ಲಗ್ ಉಳಿದಿತ್ತು. ಎರಡನ್ನು ನೀನು ಹಾಕಿದ್ದೆ, ಮೂರನೆಯದನ್ನು ನನಗೆ ಬಿಟ್ಟು ಹೋಗಿದ್ದೆ. ನಿನ್ನ ನೆನಪೇ ಸರಿ. ಅದನ್ನು ನೆಲಕ್ಕೆ ಬೀಳಿಸಿದವನು ನಾನು. ಬಿದ್ದದ್ದನ್ನೇ ಎಂಜಿನ್ನಿಗೆ ಹಾಕಿದವನು ನಾನು. ಆಮೇಲೆ ನಿನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದವನೂ ನಾನೇ.

ಐದು ವರ್ಷ ಆಯಿತು. ಈ ಮಾತು ಗಂಟಲವರೆಗೆ ಬಂದು ಎಷ್ಟು ಸಲ ತಿರುಗಿ ಹೋಗಿದೆಯೋ — ಗಂಗಾವತಿಯಿಂದ ನೀನಿರುವ ಯಲಬುರ್ಗಾ ಏನು ಕಾಶಿಯಷ್ಟು ದೂರವಲ್ಲ, ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮುಟ್ಟಬಹುದು. ದೂರ ಇದ್ದದ್ದು ನನ್ನ ನಾಲಗೆಗೆ. ಈಗ ಬರೆಯಲು ಕೂತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಏಕೆಂದರೆ ಇದನ್ನು ನೀನೊಬ್ಬನೇ ಓದಿದರೆ ಸಾಲದು. ನಮ್ಮ ಗ್ಯಾರೇಜಿಗೆ ಬರುತ್ತಿದ್ದವರೂ, ನಿನ್ನ ಬಗ್ಗೆ ಹಿಂದಿನಿಂದ ಮಾತಾಡಿದವರೂ ಓದಬೇಕು.

ನಾನು ವೀರೇಶ. ಗಂಗಾವತಿಯಲ್ಲಿ ಕಾರಿನ ಗ್ಯಾರೇಜು ನಡೆಸುತ್ತೇನೆ. ಮೊದಲು ಅದನ್ನು ನಾವಿಬ್ಬರು ನಡೆಸುತ್ತಿದ್ದೆವು — ನಾನು ಮತ್ತು ಮಹಬೂಬ. ಇಬ್ಬರೂ ಇಬ್ರಾಹಿಂ ಉಸ್ತಾದರ ಕೈಕೆಳಗೆ ಒಟ್ಟಿಗೆ ಪೆಟ್ಟು ತಿಂದು ಕೆಲಸ ಕಲಿತವರು. ಉಸ್ತಾದರು ಕಲಿಸಿದ್ದರಲ್ಲಿ ಎರಡು ಮಾತನ್ನು ಇಲ್ಲಿ ಹೇಳಲೇಬೇಕು. ಒಂದು, ಕೈ ಜಾರಿ ಬಿದ್ದ ಪ್ಲಗ್ಗನ್ನು ಎಂಜಿನ್ನಿಗೆ ಹಾಕಬಾರದು. ಹೊರಗೆ ಏನೂ ಕಾಣದಿದ್ದರೂ ಒಳಗಿನ ಬಿಳಿ ಪಿಂಗಾಣಿ ಸೀಳಿರುತ್ತದೆ. "ಬಿದ್ದ ಪ್ಲಗ್ ಅಂದ್ರ ಮಯ್ಯತ್ ಇದ್ದಂಗ, ಹೆಣ. ಎತ್ತಿ ಬಾಜೂಕ ಇಡು," ಎನ್ನುತ್ತಿದ್ದರು. ಇನ್ನೊಂದು, ಜೊತೆಗಾರ ಮುಗಿಸಿದ ಕೆಲಸವನ್ನು ಮತ್ತೆ ಬಿಚ್ಚಿ ನೋಡಬಾರದು. ನೋಡಿದರೆ ಅವನ ಕೈಗೆ ಅವಮಾನ ಮಾಡಿದ ಹಾಗೆ.

ಆ ಎರಡನೆಯ ಮಾತಿನ ಮೇಲೆಯೇ ನಮ್ಮ ಗ್ಯಾರೇಜು ನಿಂತಿತ್ತು. ಶುಕ್ರವಾರ ಮಧ್ಯಾಹ್ನ ಮಹಬೂಬ ಮಸೀದಿಗೆ ಹೋಗುವಾಗ ಕೈಯಲ್ಲಿದ್ದ ಕೆಲಸವನ್ನು ಹಾಗೆಯೇ ಬಿಟ್ಟು ಹೋಗುವನು, ನಾನು ಮುಗಿಸುವೆ. ಶ್ರಾವಣ ಸೋಮವಾರ ನಾನು ಗುಡಿಗೆ ಹೋದರೆ ನನ್ನದನ್ನು ಅವನು ಮುಗಿಸುವನು. ಯಾರು ಎಲ್ಲಿಗೆ ಬಿಟ್ಟರು, ಯಾರು ಎಲ್ಲಿಂದ ಹಿಡಿದರು ಎಂದು ಇಬ್ಬರೂ ಕೇಳಿಕೊಳ್ಳುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಹೀಗೇ ನಡೆಯಿತು.

ಇನ್ನು ಹೊಟ್ಟೆಕಿಚ್ಚಿನ ಮಾತು. ಅದನ್ನು ಆ ಹೆಸರಿನಿಂದ ಕರೆಯಲು ನನಗೆ ಬಹಳ ದಿನ ಹಿಡಿಯಿತು. ಮೊದಲು ಬೇರೆ ಬೇರೆ ಹೆಸರು ಇಟ್ಟುಕೊಂಡಿದ್ದೆ. ನ್ಯಾಯ ಎಂದೆ. ಸ್ವಾಭಿಮಾನ ಎಂದೆ. ಒಂದೊಂದು ದಿನ ಪಿತ್ತ ಎಂದೂ ಅಂದುಕೊಂಡು ನಿಂಬೆಹಣ್ಣಿನ ಶರಬತ್ತು ಕುಡಿದೆ.

ಕಾರ್ಬ್ಯುರೇಟರ್ ಗಾಡಿಗಳ ಕಾಲದಲ್ಲಿ ನಾವಿಬ್ಬರೂ ಸಮ. ನಿಜ ಹೇಳಬೇಕೆಂದರೆ ನಾನೇ ಒಂದು ಕೈ ಮುಂದು. ಆಮೇಲೆ ಸಣ್ಣ ಸಣ್ಣ ಟರ್ಬೊ ಕಾರುಗಳು ಬಂದವು — ಮೂರೇ ಸಿಲಿಂಡರ್, ನೋಡಲು ಆಟಿಕೆಯಂಥ ಎಂಜಿನ್, ಆದರೆ ಕಾಲಿಟ್ಟರೆ ದೊಡ್ಡ ಗಾಡಿಯ ಎಳೆತ. ಹುಬ್ಬಳ್ಳಿಯಲ್ಲಿ ಮೂರು ತಿಂಗಳು ಇದನ್ನು ಕಲಿಸುತ್ತಾರೆ ಎಂದು ಗೊತ್ತಾದಾಗ ನೀನು ನನ್ನನ್ನೂ ಕರೆದೆ. "ಬಾರೋ ವೀರೇಶಾ, ಇಬ್ಬರೂ ಹೋಗೂನು. ಪಾಳಿ ಮ್ಯಾಲೆ ಅಂಗಡಿ ನೋಡಿದ್ರಾತು," ಎಂದೆ. ನಾನು ನಕ್ಕೆ. ಈ ವಯಸ್ಸಿನಲ್ಲಿ ಸಾಲೆಗೆ ಹೋಗುವುದೇ ಎಂದೆ. ನೀನು ಹೋದೆ. ಇದನ್ನೂ ಬರೆದಿಡುತ್ತೇನೆ — ನನ್ನನ್ನು ಯಾರೂ ಹಿಂದೆ ತಳ್ಳಲಿಲ್ಲ, ನಾನೇ ಕೂತೆ.

ನೀನು ಬಂದ ಮೇಲೆ ಗ್ಯಾರೇಜಿನ ಬಾಗಿಲಲ್ಲಿ ಒಂದೇ ಮಾತು ಕೇಳಿಬರತೊಡಗಿತು. "ಮಹಬೂಬ್ ಅದಾನೇನ್ರಿ?" ನಾನು ಬಾಗಿಲಿಗೆ ಎದುರಾಗಿ, ಇಷ್ಟು ದೊಡ್ಡ ದೇಹ ಇಟ್ಟುಕೊಂಡು ಕೂತಿರುತ್ತಿದ್ದೆ. ನನ್ನನ್ನೇ ಕೇಳುತ್ತಿದ್ದರು, ನನ್ನ ಹೆಗಲ ಮೇಲಿಂದ ಒಳಗೆ ಇಣುಕುತ್ತಾ. ಅದಾನ್ರಿ, ಬರ್ತಾನ್ರಿ, ಕುಂದರ್ರಿ — ನನ್ನದು ಇಷ್ಟೇ ಕೆಲಸ ಆಯಿತು. ಮನೆಯಲ್ಲಿ ಮಿಕ್ಸಿ ಕೆಟ್ಟಾಗ ನನ್ನ ಹೆಂಡತಿ ಲಲಿತಾ, "ನೀವು ಬಿಚ್ಚಬ್ಯಾಡ್ರಿ, ಮಹಬೂಬಣ್ಣಗ ಒಂದೀಟು ತೋರಸ್ರಿ," ಎಂದಳು. ಮಿಕ್ಸಿಗೆ ಟರ್ಬೊ ಎಲ್ಲಿಂದ ಬಂತು? ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಯಾಕೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ನೀನಾದರೂ ಸ್ವಲ್ಪ ಸೊಕ್ಕು ತೋರಿಸಿದ್ದರೆ — ಆಗ ನನಗೆ ಸುಲಭ ಆಗುತ್ತಿತ್ತು. ನೀನು ತೋರಿಸಲಿಲ್ಲ. ಗಿರಾಕಿ ಹೊಗಳಿದರೆ, "ನಾವಿಬ್ಬರೂ ಮಾಡಿದ್ದು ರೀ," ಎನ್ನುತ್ತಿದ್ದೆ. ಆ ಮಾತು ನನಗೆ ಭಿಕ್ಷೆ ಹಾಕಿದಂತೆ ಕೇಳುತ್ತಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಆ ಕಾರು ಸುಜಾತಾ ಮೇಡಂ ಅವರದು. ಮರಳಿಯ ಕಡೆ ಸಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ, ದಿನಾ ತಾವೇ ಕಾರು ಓಡಿಸಿಕೊಂಡು ಹೋಗಿ ಬರುವವರು. ಪ್ಲಗ್ ಬದಲಿಸುವ ಹೊತ್ತು ಬಂದಿತ್ತು. ನಮ್ಮ ಕಡೆ ರೂಢಿ ಏನು — ಹಳೆಯ ಸಾಮಾನನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋಗುವುದು, ಇಂಥದೇ ಕೊಡು ಎನ್ನುವುದು. ನಂಬರು ಗಿಂಬರು ಯಾರು ಓದುತ್ತಾರೆ. ನಾನು ಹಾಗೆಯೇ ಒಂದು ಹಳೆಯ ಪ್ಲಗ್ ಜೇಬಿಗೆ ಹಾಕಿಕೊಂಡು ಕೊಪ್ಪಳಕ್ಕೆ ಹೋಗಿದ್ದೆ, ನೀನೂ ಜೊತೆಗೆ ಬಂದಿದ್ದೆ. ಅಂಗಡಿಯವನು ಹಳೆಯದರ ಪಕ್ಕ ಹೊಸದು ಇಟ್ಟು ತೋರಿಸಿದ. ಅದೇ ಉದ್ದ, ತಿರುಪಿನ ಅದೇ ಮರೆ, ಅದೇ ತಲೆ. "ಅದ ಕಾರಿನ ಟರ್ಬೊ ಇಲ್ಲದ ಗಾಡಿದು ಐತ್ರಿ, ಕರೆಕ್ಟ್ ಕುಂದರತೈತಿ, ಒಯ್ರಿ," ಎಂದ. ನಾನು ಒಯ್ಯೋಣ ಎಂದೆ.

ನೀನು ಕೈಗೆ ತೆಗೆದುಕೊಂಡು ಪಿಂಗಾಣಿಯ ಮೇಲಿನ ಸಣ್ಣ ಅಕ್ಷರ ಓದಿದೆ. "ಕುಂದ್ರೂದು ಬ್ಯಾರೆ, ಕೆಲಸ ಮಾಡೂದು ಬ್ಯಾರೆ," ಎಂದು ವಾಪಸು ಕೊಟ್ಟೆ. ಬಸ್ಸಿನಲ್ಲಿ ಬರುವಾಗ ನನಗೆ ಬಿಡಿಸಿ ಹೇಳಿದೆ — ಟರ್ಬೊ ಎಂದರೆ ಎಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ತುಂಬುತ್ತದೆ, ಶಾಖ ಹೆಚ್ಚು, ಆದ್ದರಿಂದ ಶಾಖವನ್ನು ಬೇಗ ಬಿಟ್ಟುಕೊಡುವ ಪ್ಲಗ್ಗೇ ಬೇಕು. ಕಿಡಿ ಹಾರುವ ಬಾಯಿಯೂ ಕಿರಿದಿರಬೇಕು. "ಗಾಳ್ಯಾಗ ಕಡ್ಡಿ ಗೀರಿದ್ರ ಆರತೈತಿಲ್ಲೋ, ಹಂಗ. ಬಾಯಿ ಅಗಲ ಆದ್ರ ಕಿಡಿ ನಿಂದ್ರಂಗಿಲ್ಲ. ಊರಾಗ ಅಡ್ಡಾಡಿದ್ರ ಗೊತ್ತಾಗಂಗಿಲ್ಲ, ಜೋರ್ ಎಳೆದಾಗ ಕೈ ಕೊಡತೈತಿ." ನಾನು ಹೂಂ ಹೂಂ ಎಂದು ಕಿಟಕಿಯ ಹೊರಗೆ ನೋಡುತ್ತಿದ್ದೆ. ಒಂದು ಮಾತೂ ತಪ್ಪದೆ ಕೇಳಿಸಿಕೊಂಡೆ. ಆದ್ದರಿಂದ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಸರಿಯಾದ ಪ್ಲಗ್ಗುಗಳು ಹುಬ್ಬಳ್ಳಿಯಿಂದ ಬಂದವು. ಮೂರೇ ಮೂರು. ಮೇಡಂ ಶುಕ್ರವಾರ ಅರ್ಧ ದಿನ ರಜೆ ಹಾಕಿ ಕಾರು ತಂದರು. ನೀನು ಹಿಂದಿನ ಓಣಿಯಲ್ಲಿ ಯಾರದೋ ಬ್ಯಾಟರಿ ನೋಡಲು ಹೋಗಿದ್ದೆ. ನಾನು ಎದ್ದು ಹೋಗಿ ಬಾನೆಟ್ಟಿಗೆ ಕೈ ಹಾಕಿದೆ. ಅವರು ಬಹಳ ಮರ್ಯಾದೆಯಿಂದಲೇ ಹೇಳಿದರು. "ನೀವು ಬ್ಯಾಡ್ರಿ ವೀರೇಶಣ್ಣಾರ. ಮಹಬೂಬ್ ಭಾಯಿ ಬರ್ಲಿ. ಟರ್ಬೊ ಗಾಡಿ ಐತಿ." ನಾನು ಕೈ ತೆಗೆದೆ. ಆಮೇಲೆ ಎದುರಿನ ಹೋಟೆಲಿಗೆ ಹೋಗಿ ಅವರಿಗೆ ಚಹಾ ತಂದುಕೊಟ್ಟವನೂ ನಾನೇ. ಕೈಯಲ್ಲಿ ಪಾನಾ ಇರಬೇಕಾದಲ್ಲಿ ಚಹಾದ ಗ್ಲಾಸು ಇತ್ತು.

ನೀನು ಬಂದೆ. ಎಂಜಿನ್ ಆರಲಿ ಎಂದು ಕಾದೆ. ಪ್ಲಗ್ಗಿನ ಮೇಲೆ ಕೂರುವ ಕಾಯಿಲ್ ತೆಗೆಯುವ ಮೊದಲು ಸುತ್ತಲ ಧೂಳನ್ನು ಗಾಳಿ ಹೊಡೆದು ತೆಗೆದೆ. ಮೂರೂ ಹೊಸ ಪ್ಲಗ್ಗುಗಳ ಬಾಯಿಯನ್ನು ತಂತಿಯ ಗೇಜಿನಿಂದ, ತುದಿಗೆ ತಾಗದ ಹಾಗೆ ಅಳೆದು ನೋಡಿದೆ. ಆ ತುದಿ ಸೂಜಿಯಷ್ಟು ಸಣ್ಣದು, ಅದನ್ನು ಮೀಟಬಾರದು, ಒರೆಸಬಾರದು ಎಂದು ಹೇಳುತ್ತಲೇ ಕೆಲಸ ಮಾಡುತ್ತಿದ್ದೆ. ರಬ್ಬರಿನ ಕೊಳವೆಯ ತುದಿಗೆ ಪ್ಲಗ್ ಸಿಕ್ಕಿಸಿ ಬೆರಳಿನಿಂದಲೇ ತಿರುವಿದೆ, ಮರೆ ತಾನಾಗಿ ಹಿಡಿದ ಮೇಲೆ ಬಿಗಿತ ಅಳೆಯುವ ಟಾರ್ಕ್ ಪಾನಾ ಹಚ್ಚಿದೆ. ಕಟಕ್ ಎಂದಿತು. ಒಂದಾಯಿತು. ಎರಡಾಯಿತು. ಅಷ್ಟರಲ್ಲಿ ಆಜಾನ್ ಕೇಳಿಸಿತು. ನೀನು ಕೈ ತೊಳೆದು, ಟೋಪಿ ಹಾಕಿಕೊಂಡು, ನನ್ನ ಕಡೆ ಒಂದು ಸಲ ತಲೆಯಾಡಿಸಿ ಹೊರಟೆ. ಮೇಡಂ ಬ್ಯಾಂಕಿನ ಕೆಲಸ ಇದೆ ಎಂದು ಆಗಲೇ ಹೋಗಿದ್ದರು. ಗ್ಯಾರೇಜಿನಲ್ಲಿ ನಾನೊಬ್ಬನೇ.

ಬಟ್ಟೆಯ ಮೇಲಿಂದ ಪ್ಲಗ್ ಎತ್ತಿಕೊಂಡೆ. ನೀವು ಬ್ಯಾಡ್ರಿ, ನೀವು ಬ್ಯಾಡ್ರಿ — ಅದೇ ಕಿವಿಯಲ್ಲಿ. ಕೈಗೆ ಎಣ್ಣೆ ಇತ್ತೋ ಬೆವರಿತ್ತೋ, ಜಾರಿತು. ಸಿಮೆಂಟ್ ನೆಲಕ್ಕೆ ಬಿದ್ದು ಜಾಕಿನ ಕೆಳಗೆ ಉರುಳಿತು. ಇಲ್ಲಿಯವರೆಗೆ ಕೈತಪ್ಪು. ಯಾರ ಕೈಯಿಂದಲೂ ಆಗಬಹುದು.

ಎತ್ತಿ ನೋಡಿದೆ. ಬಾಯಿ ಮುಚ್ಚಿಹೋಗಿತ್ತು. ಅದನ್ನು ಬದಿಗಿಟ್ಟು ನಿನ್ನ ದಾರಿ ಕಾಯಬೇಕಾಗಿತ್ತು. ಇನ್ನೊಂದು ಬರುವವರೆಗೆ ಕಾರು ಎರಡು ದಿನ ನಿಲ್ಲುತ್ತಿತ್ತು, ಯಾಕೆ ಎಂದು ಮೇಡಂ ಕೇಳುತ್ತಿದ್ದರು, ನೀನು ನನ್ನ ಹೆಸರು ಹೇಳುತ್ತಿರಲಿಲ್ಲ — ಆದರೂ ಅವರಿಗೆ ತಿಳಿಯುತ್ತಿತ್ತು. ನಾನು ಹೇಳಿರಲಿಲ್ಲವೇ, ನೀವು ಬ್ಯಾಡ್ರಿ ಎಂದು — ಅವರು ಬಾಯಿಬಿಟ್ಟು ಅನ್ನದಿದ್ದರೂ ಕಣ್ಣಿನಲ್ಲಿ ಅಂದೇ ಅನ್ನುತ್ತಿದ್ದರು. ಅದನ್ನು ನನ್ನಿಂದ ತಡೆಯಲು ಆಗುತ್ತಿರಲಿಲ್ಲ.

ನನ್ನ ಹಳೆಯ ಡಬ್ಬಿಯಿಂದ ಹ್ಯಾಕ್ಸಾ ಬ್ಲೇಡಿನ ತುಂಡು ತೆಗೆದೆ. ಸ್ಕೂಟರಿನ ಪ್ಲಗ್ಗುಗಳ ಬಾಯನ್ನು ನಾವು ಅದರಿಂದಲೇ ಅಲ್ಲವೇ ಮೀಟುತ್ತಿದ್ದದ್ದು. ಅದನ್ನು ಬಾಯಿಯೊಳಗೆ ತೂರಿ ಮೀಟಿದೆ. ಬಾಯಿ ತೆರೆಯಿತು, ಬೇಕಾದ್ದಕ್ಕಿಂತ ಹೆಚ್ಚೇ ತೆರೆಯಿತು. ದೊಡ್ಡ ಬಾಯಿಗೆ ದೊಡ್ಡ ಕಿಡಿ ಎಂದು ನಮ್ಮ ಕಾಲದ ಲೆಕ್ಕ. ಮೀಟುವಾಗ ಒಳಗಿನ ಪಿಂಗಾಣಿಯ ಮೇಲೆ ಕೂದಲೆಳೆಯಂಥ ಒಂದು ಗೆರೆ ಕಂಡಿತು. ಹೆಬ್ಬೆರಳಿನಿಂದ ಒರೆಸಿದೆ. ಹೋಗಲಿಲ್ಲ. ಎಣ್ಣೆ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಎಣ್ಣೆಯಾಗಿದ್ದರೆ ಹೋಗುತ್ತಿತ್ತು, ಅದೂ ಗೊತ್ತಿತ್ತು.

ಹಾಕಿದೆ. ಬಿಗಿದೆ. ಕಾಯಿಲ್ ಕೂರಿಸಿ ಮೇಲಿನ ಕವರು ಮುಚ್ಚಿದೆ.

ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಬಹಳ ಸಲ ಕೆದಕಿ ನೋಡಿದ್ದೇನೆ. ಅರ್ಧ ನಾಚಿಕೆ. ಉಳಿದರ್ಧ — ಬರೆಯಲು ಕೈ ಹಿಂಜರಿಯುತ್ತದೆ, ಆದರೂ — ಉಳಿದರ್ಧ, ಒಂದು ಸಲವಾದರೂ ಇವನ ಹೆಸರಿಗೆ ಕಪ್ಪು ಹತ್ತಲಿ, ನೋಡೋಣ ಎಂಬ ಆಸೆ. ಅದಿತ್ತು. ಇರಲಿಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ.

ನೀನು ಬಂದಾಗ ಎಂಜಿನ್ ಚಾಲೂ ಇತ್ತು. ನೀನು ಏನೂ ಕೇಳಲಿಲ್ಲ, ನಮ್ಮ ರೂಢಿಯೇ ಅದು. ಬಸ್ ಸ್ಟ್ಯಾಂಡಿನವರೆಗೆ ನೀನೇ ಒಂದು ಸುತ್ತು ಓಡಿಸಿ ತಂದೆ, ಊರೊಳಗೆ ಅದು ಚೆನ್ನಾಗಿಯೇ ಓಡಿತು. ಮೇಡಂ ಬಂದರು, "ಬೆಣ್ಣಿ ಆದಂಗ ಆಗೇತ್ರಿ ಭಾಯಿ," ಎಂದರು, ಹೋದರು.

ಒಂದು ವಾರದ ಮೇಲೆ ಮೇಡಂ ತಮ್ಮ ತಾಯಿಯನ್ನೂ ಅಕ್ಕನನ್ನೂ ಕೂರಿಸಿಕೊಂಡು ಕುಷ್ಟಗಿಗೆ ಒಂದು ತೊಟ್ಟಿಲ ಕಾರ್ಯಕ್ಕೆ ಹೊರಟಿದ್ದರು. ದಾರಿಯಲ್ಲಿ ಹುಲ್ಲು ತುಂಬಿದ ಟ್ರ್ಯಾಕ್ಟರನ್ನು ದಾಟಲು ಜೋರು ಎಳೆದಾಗ ಕಾರು ಕೆಮ್ಮಿ ಎಳೆತ ಬಿಟ್ಟಿತು. ಎದುರಿನಿಂದ ಬಸ್ಸು. ಬಸ್ಸಿನ ಡ್ರೈವರ್ ರಸ್ತೆ ಬಿಟ್ಟು ಇಳಿದದ್ದರಿಂದ ಎಲ್ಲರೂ ಉಳಿದರು. ನೀನು ಹೇಳಿದ್ದೆಯಲ್ಲ, ಊರಲ್ಲಿ ಗೊತ್ತಾಗುವುದಿಲ್ಲ, ಎಳೆದಾಗ ಕೈ ಕೊಡುತ್ತದೆ ಎಂದು — ಹಾಗೆಯೇ ಆಯಿತು. ಅವರು ಹೇಗೋ ಕುಷ್ಟಗಿ ಮುಟ್ಟುವಷ್ಟರಲ್ಲಿ ಎಂಜಿನ್ನಿನಲ್ಲಿ ಬೇರೆಯೇ ಸದ್ದು ಎದ್ದಿತ್ತು. ಸೀಳಿದ ಪಿಂಗಾಣಿ ಮುರಿದು ಸಿಲಿಂಡರಿನೊಳಗೆ ಬಿದ್ದಿತ್ತು. ದೊಡ್ಡ ವರ್ಕ್‌ಶಾಪಿಗೆ ಎಳೆದೊಯ್ದು ಬಿಚ್ಚಿಸಿದಾಗ ಒಳಗೋಡೆಯೆಲ್ಲ ಗೀರಿಹೋಗಿತ್ತಂತೆ.

ಮೇಡಂ ಆ ಪ್ಲಗ್ಗನ್ನು ಕಾಗದದಲ್ಲಿ ಸುತ್ತಿಕೊಂಡು ಆಟೋದಲ್ಲಿ ನಮ್ಮ ಗ್ಯಾರೇಜಿಗೆ ಬಂದರು. ಬೆಂಚಿನ ಮೇಲೆ ಬಿಚ್ಚಿಟ್ಟರು. ಬೈಯಲಿಲ್ಲ. "ನಿಮ್ಮ ಕೈ ಬಿಟ್ರ ಬ್ಯಾರೆದವರಿಗೆ ಮುಟ್ಟಾಕ ಕೊಟ್ಟಿದ್ದಿಲ್ರಿ ನಾ. ನಮ್ಮವ್ವ ಕುಂತಿದ್ದಳ್ರಿ ಅದ್ರಾಗ," ಎಂದರು. ನಿನ್ನನ್ನೇ ನೋಡುತ್ತಿದ್ದರು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ, ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ. ನಗಬೇಡ ಮಹಬೂಬ, ಅಥವಾ ನಕ್ಕುಬಿಡು — ಆಗಲೂ ನನಗೆ ಕಿಚ್ಚು ಎದ್ದಿತು. ತಪ್ಪಿಗೂ ಇವರಿಗೆ ನನ್ನ ನೆನಪಾಗಲಿಲ್ಲವಲ್ಲ ಎಂದು. ಕೆಡಿಸುವಷ್ಟು ಕೈಚಳಕವೂ ನನ್ನಲ್ಲಿ ಇಲ್ಲವೆಂದು ತಿಳಿದಿದ್ದರಲ್ಲ ಎಂದು.

ಅವರು ಹೋದ ಮೇಲೆ ನೀನು ಆ ಪ್ಲಗ್ಗನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದೆ. ಅಗಲವಾಗಿ ತೆರೆದಿದ್ದ ಬಾಯಿಯನ್ನು ನೋಡಿದೆ. ಆಮೇಲೆ ಮೆಲ್ಲಗೆ ಕೇಳಿದೆ.

"ವೀರೇಶಾ, ನಾ ಎರಡ ಹಾಕಿದ್ದೆ ಅಂತ ನೆನಪೈತಿ ನನಗ. ಮೂರನೇದು ಬಟ್ಟಿ ಮ್ಯಾಲೆ ಇತ್ತಲ್ಲೋ?"

ನಾನು ಹೇಳಿದೆ, "ಇಲ್ಲಪಾ. ಬಟ್ಟಿ ಖಾಲಿ ಇತ್ತು. ಮೂರೂ ನೀನ ಹಾಕಿದ್ದಿ. ನಾ ಬರೇ ಕವರ್ ಮುಚ್ಚೀನಿ."

ಇಷ್ಟೇ ಮಾತು. ತಡವರಿಸಲಿಲ್ಲ, ಕಣ್ಣು ಕೆಳಗೆ ಮಾಡಲಿಲ್ಲ. ಹತ್ತೊಂಬತ್ತು ವರ್ಷ ನಾನು ನಿನಗೆ ಸುಳ್ಳು ಹೇಳಿರಲಿಲ್ಲ, ಆ ಸಾಲಿನಲ್ಲಿಯೇ ಈ ಸುಳ್ಳೂ ನಿಜವಾಗಿ ಹೋಯಿತು. ನೀನು ನಿನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡೆ. "ಹಂಗಾರ ನಾನ ಇರಬೇಕು," ಎಂದೆ. "ಭಾಳ ಕೆಟ್ಟಾತು. ಬೆರಳು ಸುಳ್ಳು ಹೇಳಾಕತ್ಯಾವು." ನಿನಗೆ ಆ ವರ್ಷವೇ ಸಕ್ಕರೆ ಕಾಯಿಲೆ ಎಂದು ಗೊತ್ತಾಗಿತ್ತು. ನಿಮ್ಮ ಅಬ್ಬಾ ಅದೇ ಕಾಯಿಲೆಯಲ್ಲಿ ಬೆರಳುಗಳ ಸ್ಪರ್ಶ ಕಳೆದುಕೊಂಡು ಹೊಲಿಗೆ ಬಿಟ್ಟವರು. ನೀನು ಹೆದರಿದೆ. ಆ ಹೆದರಿಕೆಯನ್ನು ನಾನು ಕಣ್ಣಾರೆ ಕಂಡೆ, ಒಂದು ಮಾತಿನಿಂದ ತೆಗೆಯಬಹುದಿತ್ತು, ತೆಗೆಯಲಿಲ್ಲ.

ಆಮೇಲಿನ ದಿನಗಳಲ್ಲಿ ನೀನು ಪ್ರತಿ ಬೋಲ್ಟನ್ನು ಎರಡು ಸಲ ಬಿಗಿದು ನೋಡುತ್ತಿದ್ದೆ. ಆಮೇಲೆ ಮೂರು ಸಲ. ಆಮೇಲೆ ನನ್ನನ್ನು ಕರೆದು, "ಒಂದ್ಸಲ ನೀ ನೋಡು," ಎನ್ನತೊಡಗಿದೆ. ಜೊತೆಗಾರನ ಕೈಯನ್ನು ಮತ್ತೆ ನೋಡಬಾರದು ಎಂಬ ಉಸ್ತಾದರ ಮಾತನ್ನು ನೀನೇ ಮುರಿದೆ, ನಿನ್ನ ಕೈಯ ವಿರುದ್ಧವಾಗಿ. ನಾನು ನೋಡುತ್ತಿದ್ದೆ. ನಿನ್ನ ಕೆಲಸದಲ್ಲಿ ಒಂದು ದಿನವೂ ಒಂದು ತಪ್ಪೂ ಇರಲಿಲ್ಲ. ಅದನ್ನಾದರೂ ಹೇಳಬಹುದಿತ್ತು. "ಸರಿ ಐತಿ" ಎಂದಷ್ಟೇ ಹೇಳಿ ಬರುತ್ತಿದ್ದೆ, ಒಬ್ಬ ಮೇಸ್ತ್ರಿ ಹೇಳುವ ಹಾಗೆ. ಆ ಗತ್ತು ನನಗೆ ಸುಖ ಕೊಡುತ್ತಿತ್ತು.

ಆರು ತಿಂಗಳಲ್ಲಿ ನೀನು ಗ್ಯಾರೇಜು ಬಿಟ್ಟೆ. ಯಲಬುರ್ಗಾದಲ್ಲಿ ನಿನ್ನ ಹೆಂಡತಿಯ ತಮ್ಮನ ಹಿಟ್ಟಿನ ಗಿರಣಿ ನೋಡಿಕೊಳ್ಳಲು ಹೋದೆ. ಹೋಗುವಾಗ ನಿನ್ನ ಪುಸ್ತಕ ಬಿಟ್ಟು ಹೋದೆ — ಯಾವ ಗಾಡಿಗೆ ಯಾವ ಪ್ಲಗ್, ಬಾಯಿ ಎಷ್ಟು, ಬಿಗಿತ ಎಷ್ಟು ಎಂದು ಬರೆದಿಟ್ಟಿದ್ದ ಪುಸ್ತಕ. "ನಿನಗ ಬೇಕಾಗತೈತಿ," ಎಂದೆ. ಅದನ್ನು ನೋಡಿಯೇ ನಾನು ಟರ್ಬೊ ಕೆಲಸ ಕಲಿತದ್ದು. ಈಗ ಬಾಗಿಲಲ್ಲಿ "ವೀರೇಶಣ್ಣ ಅದಾರೇನ್ರಿ" ಎಂದು ಕೇಳುತ್ತಾರೆ. ಮೊದಲ ಒಂದು ತಿಂಗಳು ಆ ಮಾತು ಸಕ್ಕರೆಯಂತಿತ್ತು. ಆಮೇಲೆ ಪ್ರತಿ ಸಲ ಪ್ಲಗ್ ಹಾಕುವಾಗ ನಿನ್ನ ಅಕ್ಷರ ಓದಬೇಕಾಗುತ್ತಿತ್ತು.

ಕಳೆದ ತಿಂಗಳು ಯಲಬುರ್ಗಾದಲ್ಲಿ ನಮ್ಮ ಬೀಗರ ಮನೆಯ ಕಾರ್ಯಕ್ಕೆ ಬಂದಿದ್ದೆನಲ್ಲ, ಆವತ್ತು ನಿನ್ನ ಗಿರಣಿಗೂ ಬಂದೆ. ಬಾಗಿಲಲ್ಲಿ ಜೋಳದ ಡಬ್ಬಿಗಳ ಸಾಲು. ನೀನು ನನ್ನನ್ನು ಇನ್ನೂ ನೋಡಿರಲಿಲ್ಲ. ಬೀಳುತ್ತಿದ್ದ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, ಕಲ್ಲಿನ ತಿರುಪನ್ನು ಕಂಡೂ ಕಾಣದಷ್ಟು ತಿರುವಿದೆ. ಮತ್ತೆ ತಿಕ್ಕಿದೆ. ಸರಿಯಾಯಿತು ಎಂದು ತಲೆಯಾಡಿಸಿದೆ. ಸಾಲಿನಲ್ಲಿದ್ದ ಒಬ್ಬ ಹೆಣ್ಣುಮಗಳು ಇನ್ನೊಬ್ಬಳಿಗೆ, "ಮಹಬೂಬಣ್ಣ ಬೀಸಿದ್ರ ರೊಟ್ಟಿ ಹರಿಯಂಗಿಲ್ಲ ನೋಡು," ಎಂದಳು.

ಅಲ್ಲಿಯೂ, ಮಹಬೂಬ. ಅಲ್ಲಿಯೂ ನನ್ನ ಹೊಟ್ಟೆಯಲ್ಲಿ ಕಿಚ್ಚು ಎದ್ದಿತು. ಎಲ್ಲ ಕಸಿದುಕೊಂಡ ಮೇಲೂ, ಜೋಳದ ಹಿಟ್ಟಿನಲ್ಲಿಯೂ ಇವನೇ ಮೇಲೇನು ಎಂದು. ಆಗ ನನಗೆ ನನ್ನ ಮೇಲೆಯೇ ಹೇಸಿಗೆ ಬಂತು. ಅದರ ಹಿಂದೆಯೇ ಇನ್ನೊಂದು ತಿಳಿಯಿತು — ಹಿಟ್ಟಿನ ನಯವನ್ನು ಹಿಡಿಯುವ ಬೆರಳು ಸತ್ತ ಬೆರಳಲ್ಲ. ನಿನ್ನ ಕೈಗೆ ಏನೂ ಆಗಿಲ್ಲ. ಏನೂ ಆಗಿರಲೇ ಇಲ್ಲ.

ನೀನು ನನ್ನನ್ನು ಕಂಡು ಹಿಟ್ಟಿನ ಕೈಯಲ್ಲಿಯೇ ತಬ್ಬಿಕೊಂಡೆ. ಚಹಾ ತರಿಸಿದೆ. ನಿನ್ನ ಭಾಮೈದ ಒಂದು ಸಣ್ಣ ಟರ್ಬೊ ಕಾರು ಕೊಂಡಿದ್ದ, ಅದರ ಪ್ಲಗ್ ಬದಲಿಸಬೇಕಿತ್ತು. ನೀನೇ ಆರಿಸಿ ತರಿಸಿಟ್ಟಿದ್ದೆ, ಒಂದಂಶವೂ ತಪ್ಪಿಲ್ಲದ ಪ್ಲಗ್ಗುಗಳು. "ನೀ ಬರೂದ ಕಾಯಾಕತ್ತಿದ್ದೆ ನೋಡು. ಆರಸೂದು ಬರತೈತಿ, ಹಾಕೂದು ಒಲ್ಲೆ. ನನ್ನ ಕೈ ನಾ ನಂಬಂಗಿಲ್ಲ. ನೀ ಹಾಕು, ಬ್ಯಾಟರಿ ನಾ ಹಿಡೀತೀನಿ," ಎಂದೆ. ನಾನು ಹಾಕಿದೆ. ನೀನು ನನ್ನ ಪಕ್ಕದಲ್ಲಿ ಬಗ್ಗಿ ನಿಂತು ಬೆಳಕು ಹಿಡಿದೆ. ಒಮ್ಮೆ ಗೇಜನ್ನು ನಿನ್ನ ಕಡೆ ಚಾಚಿದೆ, ನೀನು ಕೈ ಹಿಂದಕ್ಕೆ ತೆಗೆದುಕೊಂಡೆ. ಮೂರನೆಯದನ್ನು ಬಿಗಿಯುವಾಗ ನಿಜ ಹೇಳಿಬಿಡಬೇಕು ಎಂದು ನಾನು ಬಾಯಿ ತೆರೆದೆ. "ಬೆಳಕು ಸ್ವಲ್ಪ ಈ ಕಡೆ," ಎಂದೆ. ನೀನು ಈ ಕಡೆ ಹಿಡಿದೆ.

ಊರಿಗೆ ಬಂದು ಮೊದಲು ಲಲಿತಾಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ನಿಲ್ಲಿಸಿ, "ಒಂದು ಕಾರ್ ಕೆಟ್ರ ರಿಪೇರಿ ಆಕ್ಕೈತ್ರಿ. ಆ ಮನಷ್ಯಾ ತನ್ನ ಕೈ ತಾನ ನಂಬದಂಗ ಮಾಡಿದ್ರಲ್ಲ," ಎಂದಳು. ಆಮೇಲೆ, "ನನಗ್ಯಾಕ ಹೇಳ್ತೀರಿ?" ಎಂದು ಕೇಳಿದಳು.

ಮರುದಿನ ಸುಜಾತಾ ಮೇಡಂ ಅವರ ಮನೆಗೆ ಹೋಗಿ ಹೇಳಿದೆ. ಪೂರ್ತಿ ಕೇಳಿದರು. "ಹೋದ ವರ್ಷ ಮಹಬೂಬ್ ಭಾಯಿ ಬಸ್ ಸ್ಟ್ಯಾಂಡಿನ್ಯಾಗ ಸಿಕ್ಕಿದ್ರು. ಸಲಾಂ ಮಾಡಿದ್ರು. ನಾ ಮಾರಿ ತಿರುವಿದೆ," ಎಂದರು. ನನಗೆ ಕೂರಲು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಈಗ ಉಳಿದವನು ನೀನು. ಕ್ಷಮಿಸು ಎಂದು ಬರೆಯುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀ, ಹೋಗ್ಲಿ ಬಿಡೋ ಎಂದು ಬೆನ್ನಿಗೆ ಒಂದು ಗುದ್ದು ಹಾಕಿ ಚಹಾ ತರಿಸುತ್ತೀ. ನಿನ್ನಿಂದ ಬೇಕಾದಷ್ಟು ತೆಗೆದುಕೊಂಡಿದ್ದೇನೆ. ಅದೊಂದನ್ನು ತೆಗೆದುಕೊಳ್ಳಲಾರೆ. ಗ್ಯಾರೇಜಿಗೆ ವಾಪಸು ಬಾ ಎಂದೂ ಕರೆಯುವುದಿಲ್ಲ, ಬರುವುದು ಬಿಡುವುದು ನಿನ್ನ ಇಷ್ಟ. ನಿನ್ನ ಬೆರಳು ಯಾವತ್ತೂ ಸುಳ್ಳು ಹೇಳಿಲ್ಲ ಎಂಬುದಷ್ಟು ನಿನಗೆ ತಲುಪಬೇಕು.

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ನಾನೇ ತರುತ್ತೇನೆ. ನೀನೊಬ್ಬನೇ ಇರುವಾಗ ಓದಿ ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತು — ನನ್ನ ಮರ್ಯಾದೆ ಉಳಿಸಲು ನೀನು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು, ಸಾಯುವವರೆಗೆ ಯಾರಿಗೂ ಹೇಳದೆ ಇದ್ದುಬಿಡುತ್ತೀ. ಆದ್ದರಿಂದ ಗಿರಣಿಯ ಮುಂದೆ ಜನ ತುಂಬಿರುವ ಹೊತ್ತು ನೋಡಿಕೊಂಡು ಬಂದು, ಎಲ್ಲರೂ ಕೇಳುವ ಹಾಗೆ ಓದುತ್ತೇನೆ.